ಕೊಹೀಮಾರಿನ ಅಜ್ಜ, ಪೆರುವಿನ ಮೀನು

ಧಾರವಾಡದಲ್ಲಿ ಓದುತ್ತಿದ್ದಾಗ ಕಾಲೇಜಿನ ಫಿಲ್ಮ್ ಸೊಸೈಟಿಯವರು ಒಂದು ಶನಿವಾರ ಸಂಜೆ ‘ದಿ ಓಲ್ಡ್ ಮ್ಯಾನ್ ಆ್ಯಂಡ್ ದಿ ಸೀ’ ತೋರಿಸಿದರು. ಹೆಮಿಂಗ್ವೇ ಕಾದಂಬರಿಯಿಂದ ಮಾಡಿದ 1958ರ ಚಿತ್ರ, ಕ್ಯೂಬಾದ ಮುದುಕ ಮೀನುಗಾರನಾಗಿ ಸ್ಪೆನ್ಸರ್ ಟ್ರೇಸಿ. 16 ಎಂ.ಎಂ. ಪ್ರೊಜೆಕ್ಟರ್ ಹೊಲಿಗೆ ಯಂತ್ರದ ಹಾಗೆ ಸದ್ದು ಮಾಡುತ್ತಾ ಓಡುತ್ತಿತ್ತು. ಎಂಬತ್ತನಾಲ್ಕು ದಿನ ಬರಿಗೈಯಲ್ಲಿ ಮರಳಿದ ಮುದುಕನಿಗೆ ಮರುದಿನ ದೋಣಿಗಿಂತ ಉದ್ದದ ಮೀನು ಸಿಕ್ಕಿತ್ತು. ಅದನ್ನು ದೋಣಿಯ ಮಗ್ಗುಲಿಗೆ ಕಟ್ಟಿಕೊಂಡು ಮನೆಯ ಕಡೆ ತಿರುಗಿದ್ದ. ಮೊದಲ ಶಾರ್ಕ್ ಬಾಯಿ ಹಾಕಬೇಕು ಎನ್ನುವಾಗ ರೀಲು ಸಿಕ್ಕಿಕೊಂಡಿತು. ಪರದೆಯ ನಡುವೆ ಕಂದು ಗುಳ್ಳೆಯೊಂದು ಎದ್ದು ಹರಡಿತು, ಸುಟ್ಟ ವಾಸನೆ ಬಂತು, ಯಾರೋ ದೀಪ ಹಾಕಿದರು. ಉಳಿದ ಭಾಗ ನೋಡಲು ನನಗೆ ಹನ್ನೆರಡು ವರ್ಷ ಬೇಕಾಯಿತು. ಅಲ್ಲಿಯವರೆಗೆ ನನ್ನ ಪಾಲಿಗೆ ಆ ಮೀನು ಇಡಿಯಾಗಿಯೇ ಇತ್ತು.

ಈ ಫೆಬ್ರವರಿಯಲ್ಲಿ ಟೊರಾಂಟೊದ ನಮ್ಮ ಮನೆಯ ಬಾಗಿಲು ತೆರೆಯಲಾಗದಷ್ಟು ಹಿಮ ಬಿದ್ದಿದ್ದ ರಾತ್ರಿ ಅದನ್ನೇ ಮತ್ತೆ ಹಾಕಿಕೊಂಡು ಕೂತಿದ್ದೆವು. ಚಿತ್ರೀಕರಣ ಮುಗಿಯುವಾಗ ಟ್ರೇಸಿಗೆ ಐವತ್ತೇಳು ವರ್ಷ ಎಂದು ಮಗಳು ಮೊಬೈಲ್‌ನಲ್ಲಿ ಹುಡುಕಿ ಹೇಳಿದಳು. ನನಗೂ ಈಗ ಐವತ್ತೇಳು. “ಅಪ್ಪ, ಮುದುಕನ ಪಾತ್ರಕ್ಕೆ ನಿನಗೂ ವಯಸ್ಸಾಯಿತು” ಎಂದಳು. ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಸ್ಪ್ಯಾನಿಷ್ ಕಲಿತಿದ್ದಾಳೆ. ವಾರದ ರಜೆ ಇತ್ತು. ಟಿಕೆಟ್ ಆಯಿತು. ಹೆಂಡತಿಗೆ ಕಚೇರಿಯಿಂದ ರಜೆ ಸಿಗಲಿಲ್ಲ. “ಕ್ಯೂಬಾಕ್ಕೆ ಜನ ಬಿಸಿಲು ಕಾಯಿಸಲು ಹೋಗುತ್ತಾರೆ, ನೀವು ಮುದುಕರನ್ನು ನೋಡಲು ಹೊರಟಿದ್ದೀರಿ” ಎಂದು ಹೇಳಿ ಚೀಲಕ್ಕೆ ಮೀನಿನ ಮಸಾಲೆ ಪುಡಿಯ ಡಬ್ಬಿ ತುರುಕಿದಳು.

ಮೊದಲ ದಿನ: ಹವಾನಾ

ಮೂರೂವರೆ ಗಂಟೆಯ ಹಾರಾಟ. ಹಿಮದ ಬೂಟು ಹಾಕಿಕೊಂಡೇ ಇಳಿದು ಬೆವರಿದೆವು. ನಗರದ ಹಳೆಯ ಭಾಗದಲ್ಲಿ ಒಂದು ಮನೆಯ ಮಹಡಿಯಲ್ಲಿ ಕೋಣೆ. ಬಾಗಿಲು ತೆರೆದ ಮನೆಯೊಡತಿಯ ಕೈಯಲ್ಲಿ ಚಾರ್ಜ್ ಮಾಡುವ ದೀಪವಿತ್ತು. “ಅಪಾಗೋನ್” ಎಂದರು, ಅಂದರೆ ಕರೆಂಟಿಲ್ಲ. ಆ ವಾರದಲ್ಲಿ ನಾವು ಅತಿ ಹೆಚ್ಚು ಕೇಳಿದ ಪದ ಅದು. ಕ್ಯೂಬಾಕ್ಕೆ ಹೋಗುವವರು ಟಾರ್ಚ್, ಪವರ್ ಬ್ಯಾಂಕ್ ಮತ್ತು ಸಣ್ಣ ಮುಖಬೆಲೆಯ ನೋಟುಗಳನ್ನು ಒಯ್ಯದಿದ್ದರೆ ಕಷ್ಟ. ನನ್ನ ಎರಡು ಬ್ಯಾಂಕ್ ಕಾರ್ಡುಗಳು ವಾರವಿಡೀ ಪರ್ಸಿನಲ್ಲಿ ಸುಮ್ಮನೆ ಮಲಗಿದ್ದವು.

ಸಂಜೆ ಮಲೆಕೋನ್‌ಗೆ ಹೋದೆವು. ಏಳೆಂಟು ಕಿಲೋಮೀಟರ್ ಉದ್ದಕ್ಕೆ ಕಡಲಿಗೆ ಕಟ್ಟಿದ ಗೋಡೆ. ಊರಿಗೆ ಊರೇ ಅದರ ಮೇಲೆ ಬಂದು ಕೂರುತ್ತದೆ. ಒಂದು ಕಡೆ ನಾಲ್ಕೈದು ಹುಡುಗರು ಬಲೂನು ಊದುತ್ತಿದ್ದರು. ಹತ್ತಿರ ಹೋಗಿ ನೋಡಿದರೆ ಅವು ಬಲೂನಲ್ಲ, ನಿರೋಧ್. ಮಗಳು ಬೇರೆ ಕಡೆ ನೋಡಿದಳು, ನಾನೂ ಬೇರೆ ಕಡೆ ನೋಡಿದೆ. ನಮ್ಮಿಬ್ಬರ ಪಾಡು ನೋಡಿ ಅವರೇ ನಕ್ಕು ವಿವರಿಸಿದರು. ನಾಲ್ಕನ್ನು ಊದಿ ಗೊಂಚಲು ಮಾಡಿ ಗಾಳದ ದಾರಕ್ಕೆ ಕಟ್ಟುತ್ತಾರೆ. ದಂಡೆಯ ಕಡೆಯಿಂದ ಗಾಳಿ ಬೀಸಿದರೆ ಗೊಂಚಲು ನೀರಿನ ಮೇಲೆ ಜಾರುತ್ತಾ ದಾರವನ್ನು ಇನ್ನೂರು ಮುನ್ನೂರು ಮೀಟರ್ ಒಳಕ್ಕೆ ಎಳೆದುಕೊಂಡು ಹೋಗುತ್ತದೆ. ದೋಣಿ ಬೇಡ, ಡೀಸೆಲ್ ಬೇಡ, ಪರವಾನಗಿಯ ರಗಳೆಯೂ ಇಲ್ಲ. ಕಚ್ಚಿಕೊಂಡ ಮೀನು ಕೆಳಗೆ ಎಳೆದಷ್ಟೂ ಗೊಂಚಲು ಮೇಲಕ್ಕೆ ಎಳೆಯುತ್ತದೆ. ಮೀನು ತಾನಾಗಿಯೇ ಸುಸ್ತಾಗುತ್ತದೆ.

ಆ ಸಂಜೆ ಗಾಳಿ ಅವರಿಗೆ ಬೇಕಾದ ಹಾಗೆ ದಕ್ಷಿಣದಿಂದಲೇ ಬೀಸುತ್ತಿತ್ತು, ಬೆಚ್ಚಗೆ. ಅವರಲ್ಲಿ ಹಿರಿಯನಾಗಿದ್ದವನು ಮಾತ್ರ ದಾರ ಸುತ್ತತೊಡಗಿದ್ದ. ಯಾಕೆ ಎಂದರೆ, ಇಷ್ಟು ಒಳ್ಳೆಯ ದಕ್ಷಿಣದ ಗಾಳಿ ಬಂದ ಮೇಲೆ ನಾಳೆ ‘ನೋರ್ತೆ’ ಬರುತ್ತದೆ ಎಂದ. ಉತ್ತರದ ಚಳಿಗಾಳಿ. “ಕೆನಡಾದಿಂದ ನೀವೇ ತಂದಿದ್ದೀರಿ” ಎಂದೂ ಸೇರಿಸಿದ.

ಎರಡನೆಯ ದಿನ: ಮುಚ್ಚಿದ ಕಿಟಕಿಗಳು

ಅವನ ಮಾತು ಸುಳ್ಳಾಗಲಿಲ್ಲ. ಬೆಳಗ್ಗೆ ಎದ್ದಾಗ ಅಲೆಗಳು ಮಲೆಕೋನ್ ಗೋಡೆಯನ್ನು ಹಾರಿ ರಸ್ತೆಯ ಆಚೆ ಬದಿಯ ಮನೆಗಳ ಬಾಗಿಲಿಗೆ ಬಡಿಯುತ್ತಿದ್ದವು. ಪೊಲೀಸರು ರಸ್ತೆ ಮುಚ್ಚಿದ್ದರು. ಹಿಂದಿನ ಸಂಜೆ ಹುಡುಗರು ಕೂತಿದ್ದ ಜಾಗದಲ್ಲಿ ಎರಡಾಳೆತ್ತರ ನೀರು ಎದ್ದು ಬೀಳುತ್ತಿತ್ತು.

ಕಡಲ ಕಡೆ ಹೋಗುವ ದಿನವಲ್ಲ ಎಂದು ಒಳನಾಡಿನ ಕಡೆಗೆ ಹೊರಟೆವು. ಹವಾನಾದಿಂದ ಹದಿನೈದು ಕಿಲೋಮೀಟರ್ ದೂರದ ಸಾನ್ ಫ್ರಾನ್ಸಿಸ್ಕೊ ದೆ ಪೌಲಾದಲ್ಲಿ ಹೆಮಿಂಗ್ವೇ 1939ರಿಂದ 1960ರವರೆಗೆ ಇದ್ದ ಮನೆ, ಫಿಂಕಾ ವಿಹಿಯಾ, ಈಗ ಮ್ಯೂಸಿಯಂ. ಐವತ್ತರ ದಶಕದ ಶವರ್ಲೆ ಶೇರ್ ಟ್ಯಾಕ್ಸಿ. ಇಂಥ ಕಾರುಗಳಿಗೆ ಇಲ್ಲಿ ‘ಅಲ್ಮೆಂದ್ರೋನ್’ ಎನ್ನುತ್ತಾರೆ, ದೊಡ್ಡ ಬಾದಾಮಿ ಎಂದರ್ಥ. ಅರ್ಧ ದಾರಿಯಲ್ಲಿ ಬಾದಾಮಿ ಕೆಮ್ಮಿ ನಿಂತಿತು. ಚಾಲಕ ಒಂದು ಪೈಪು ಬಿಚ್ಚಿ, ಬಾಯಿಟ್ಟು ಊದಿ, ಪೆಟ್ರೋಲ್ ಉಗಿದು, ಮತ್ತೆ ಜೋಡಿಸಿದ. ಅಷ್ಟರಲ್ಲಿ ನಾವು ರಸ್ತೆ ಬದಿಯಲ್ಲಿ ‘ಗುವಾರಾಪೊ’ ಕುಡಿದೆವು. ನಮ್ಮ ಕಬ್ಬಿನಹಾಲೇ, ಶುಂಠಿಯಿಲ್ಲ ಅಷ್ಟೇ.

ಆ ಮನೆಯೊಳಗೆ ಯಾರನ್ನೂ ಬಿಡುವುದಿಲ್ಲ. ತೆರೆದ ಕಿಟಕಿ ಬಾಗಿಲುಗಳ ಹೊರಗೆ ನಿಂತು ಇಣುಕಬೇಕು. ಇದು ಗೊತ್ತಿತ್ತು. ಮಳೆ ಬಂದರೆ ಕಿಟಕಿಗಳನ್ನೂ ಮುಚ್ಚುತ್ತಾರೆ ಎನ್ನುವುದು ಗೊತ್ತಿರಲಿಲ್ಲ. ನಾವು ಗೇಟು ದಾಟಿದ ಐದು ನಿಮಿಷಕ್ಕೆ ಮಳೆ ಹನಿಯಿತು. ನೀಲಿ ಅಂಗಿಯ ಹೆಂಗಸೊಬ್ಬರು ನಮ್ಮ ಮುಖದ ಎದುರಿಗೇ ಒಂದೊಂದಾಗಿ ಎಲ್ಲ ಕಿಟಕಿ ಹಾಕಿದರು. ಪುಸ್ತಕದ ಕಪಾಟಿನ ಒಂದು ಮೂಲೆ, ಗೋಡೆಯ ಮೇಲೆ ಒಂದು ಜಿಂಕೆಯ ತಲೆ, ಇಷ್ಟು ಕಂಡಿತು. ನೋಡುವ ಆಸೆ ಇರುವವರು ಮೋಡವಿಲ್ಲದ ಬೆಳಗ್ಗೆಯೇ ಹೋಗಬೇಕು.

ಆದರೆ ಪಿಲಾರ್ ಕಂಡಿತು. 1934ರಲ್ಲಿ ಬ್ರೂಕ್ಲಿನ್‌ನಲ್ಲಿ ಕಟ್ಟಿಸಿದ ಅವನ 38 ಅಡಿಯ ಮೀನುಗಾರಿಕೆ ದೋಣಿ ಈಗ ಹಳೆಯ ಟೆನಿಸ್ ಅಂಗಳದಲ್ಲಿ, ಚಾವಣಿಯ ಕೆಳಗೆ, ಕಡಲಿನಿಂದ ಎಷ್ಟೋ ದೂರ ಮರದ ಆಸರೆಯ ಮೇಲೆ ಕೂತಿದೆ. ಪಕ್ಕದಲ್ಲೇ ನಾಲ್ಕು ನಾಯಿಗಳ ಗೋರಿ. ಮಳೆ ನಿಲ್ಲುವವರೆಗೆ ಅಲ್ಲೇ ನಿಂತು ಮಗಳಿಗೆ ನನಗೆ ಗೊತ್ತಿದ್ದ ಒಂದು ಸಂಗತಿ ಹೇಳಿದೆ. ಕಾದಂಬರಿ ಬಂದದ್ದು 1952ರಲ್ಲಿ. ಅದಕ್ಕೆ ಹದಿನಾರು ವರ್ಷ ಮೊದಲೇ, 1936ರ ಏಪ್ರಿಲ್‌ನಲ್ಲಿ, ‘ಎಸ್ಕ್ವೈರ್’ ಪತ್ರಿಕೆಗೆ ಬರೆದ ಒಂದು ಲೇಖನದಲ್ಲಿ ಹೆಮಿಂಗ್ವೇ ಈ ಕಥೆಯನ್ನು ಒಂದೇ ಒಂದು ಪ್ಯಾರಾದಲ್ಲಿ ಹೇಳಿ ಮುಗಿಸಿದ್ದ. ಕಬಾನ್ಯಾಸ್ ಕಡಲಲ್ಲಿ ಒಬ್ಬನೇ ಹೋದ ಮುದುಕನ ಗಾಳಕ್ಕೆ ಭಾರಿ ಮಾರ್ಲಿನ್ ಮೀನು ಸಿಕ್ಕಿತು, ಅದು ದೋಣಿಯನ್ನು ಬಹುದೂರ ಎಳೆದುಕೊಂಡು ಹೋಯಿತು, ಕೊಂದು ಮಗ್ಗುಲಿಗೆ ಕಟ್ಟಿಕೊಂಡ ಮೀನನ್ನು ಶಾರ್ಕ್‌ಗಳು ತಿಂದವು. ಬೇರೆ ಮೀನುಗಾರರು ಅವನನ್ನು ಕಂಡಾಗ ಮೀನಿನ ಅರ್ಧವೂ ಉಳಿದಿರಲಿಲ್ಲ. ಮುದುಕ ದೋಣಿಯಲ್ಲಿ ಕೂತು ಅಳುತ್ತಿದ್ದ.

“ಸಿನಿಮಾದವನು ಹಾಗೆ ಅಳುವುದಿಲ್ಲವಲ್ಲ” ಎಂದಳು ಮಗಳು.

ಹೌದು. ಟ್ರೇಸಿಯ ಮುದುಕ ಸೋತರೂ ಗಂಭೀರ. ನಿಜವಾದವನ ಹೆಸರೂ ಆ ಲೇಖನದಲ್ಲಿಲ್ಲ.

ಮೂರನೆಯ ದಿನ: ಕೊಹೀಮಾರ್

ಕಥೆಯ ಊರು ಕೊಹೀಮಾರ್, ಹವಾನಾದಿಂದ ಪೂರ್ವಕ್ಕೆ ಹತ್ತು ಕಿಲೋಮೀಟರ್‌ನೊಳಗೇ. ಬಂದರಿನ ನೀರಿನ ಅಡಿಯ ಸುರಂಗದಲ್ಲಿ ಬಸ್ಸು ನುಗ್ಗಿ ಆಚೆ ದಡಕ್ಕೆ ಏಳುತ್ತದೆ. ಸುರಂಗ ತೆರೆದದ್ದೂ ಚಿತ್ರ ಬಿಡುಗಡೆಯಾದದ್ದೂ ಒಂದೇ ವರ್ಷ, 1958. ಮರುವರ್ಷದ ಮೊದಲ ದಿನ ಕ್ರಾಂತಿ ಬಂತು.

ಬಸ್ಸಿನಲ್ಲಿ ನಮ್ಮಿಬ್ಬರಿಗೂ ಸಣ್ಣ ಜಗಳ. ಅವಳಿಗೆ ಟ್ರೇಸಿಯ ಚಿತ್ರಕ್ಕಿಂತ 1999ರ ಅಲೆಕ್ಸಾಂದರ್ ಪೆತ್ರೋವ್‌ನ ಅನಿಮೇಶನ್ ಮೇಲು. ಗಾಜಿನ ಮೇಲೆ ನಿಧಾನವಾಗಿ ಒಣಗುವ ಬಣ್ಣವನ್ನು ಬೆರಳಿನಿಂದಲೇ ತೀಡಿ, ಒಂದೊಂದು ಚಿತ್ರವನ್ನೂ ಅಳಿಸಿ ಮುಂದಿನದನ್ನು ಬರೆದು, 29,000ಕ್ಕೂ ಹೆಚ್ಚು ಚಿತ್ರಗಳನ್ನು ಪೋಣಿಸಿ ಮಾಂಟ್ರಿಯಲ್‌ನಲ್ಲಿ ಮಾಡಿದ ಇಪ್ಪತ್ತು ನಿಮಿಷದ ಚಿತ್ರ. ಅದಕ್ಕೆ ಆಸ್ಕರ್ ಬಂದಿದೆ. “ಅದರಲ್ಲಿ ನೀರು ನೀರಿನ ಹಾಗಿದೆ ಅಪ್ಪ. ನಿನ್ನದರಲ್ಲಿ ನೀರು ಬಚ್ಚಲಿನ ಹಾಗಿದೆ” ಎಂದಳು. ಪ್ರೀತಿಸಿದ್ದನ್ನು ಬೈದರೆ ಸಿಟ್ಟು ಬರುತ್ತದೆ, ಬೈದದ್ದು ನಿಜವಾಗಿದ್ದರೆ ಇನ್ನೂ ಹೆಚ್ಚು. ಟ್ರೇಸಿಯ ಕಡಲಿನ ಬಹುಪಾಲು ಬರ್ಬ್ಯಾಂಕ್‌ನ ಸ್ಟುಡಿಯೋದಲ್ಲಿ ಕಟ್ಟಿದ ನೀರಿನ ತೊಟ್ಟಿ. ಊರಿನ ದೃಶ್ಯಗಳಷ್ಟೇ ಕ್ಯೂಬಾದ ದಂಡೆಯವು.

ಕೊಹೀಮಾರ್ ಇಳಿಜಾರಿನ ಸಣ್ಣ ಊರು. ಉಪ್ಪುಗಾಳಿಗೆ ಸುಣ್ಣ ಕಿತ್ತ ಮನೆಗಳು; ತಂತಿಯ ಮೇಲೆ ಬಟ್ಟೆ ಒಣಹಾಕಿದರೆ ಅವು ಹಾರಿಹೋಗುವಷ್ಟು ಗಾಳಿ ಆ ದಿನವೂ ಇತ್ತು. ಕಡಲಿಗೆ ಮುಖಮಾಡಿ 17ನೇ ಶತಮಾನದ ಸಣ್ಣ ಕೋಟೆ. 1762ರಲ್ಲಿ ಹವಾನಾ ಹಿಡಿಯಲು ಬಂದ ಇಂಗ್ಲಿಷರು ಇಲ್ಲೇ ಹತ್ತಿರದಲ್ಲಿ ದಡ ಹತ್ತಿದ್ದರು. ಕೋಟೆಯ ಎದುರಿಗೆ ಕಂಬಗಳ ದುಂಡು ಮಂಟಪ, ನಡುವೆ ಹೆಮಿಂಗ್ವೇಯ ಎದೆಮಟ್ಟದ ಕಂಚಿನ ಪ್ರತಿಮೆ. ಅವನು ಸತ್ತ ಮರುವರ್ಷ, 1962ರಲ್ಲಿ, ಊರಿನ ಮೀನುಗಾರರು ತಮ್ಮ ದೋಣಿಗಳ ಹಳೆಯ ಪ್ರೊಪೆಲರ್ ಮತ್ತಿತರ ಕಂಚಿನ ಸಾಮಾನು ಕೊಟ್ಟು ಕರಗಿಸಿ ಮಾಡಿಸಿದ್ದು. ಕೊಡಲು ಹಣವಿರಲಿಲ್ಲ, ಪ್ರೊಪೆಲರ್ ಇತ್ತು. ಅಲ್ಲಿ ಹತ್ತು ನಿಮಿಷ ಹೆಚ್ಚೇ ನಿಂತೆ.

ಅವನ ಇಷ್ಟದ ಹೋಟೆಲು ಲಾ ತೆರ್ರಾಸಾದಲ್ಲಿ ಊಟ. ಗೋಡೆ ತುಂಬ ಕಪ್ಪುಬಿಳುಪು ಫೋಟೊಗಳು, ಮೂಲೆಯಲ್ಲಿ ಅವನ ಮೇಜು. ಮೆನುವಿನಲ್ಲಿದ್ದ ಹೆಚ್ಚಿನದೆಲ್ಲ ಆ ದಿನ ಇರಲಿಲ್ಲ. ಅನ್ನ, ಕಪ್ಪು ಅವರೆಯಂಥ ಕಾಳು, ಕರಿದ ಬಾಳೆಕಾಯಿ, ಒಂದು ತುಂಡು ಮೀನು. ಮೀನಿಗೆ ಉಪ್ಪು, ನಿಂಬೆ, ಬೆಳ್ಳುಳ್ಳಿ ಬಿಟ್ಟರೆ ಬೇರೇನೂ ಇಲ್ಲ. ಹೊನ್ನಾವರದ ನಾಲಿಗೆಗೆ ಅದು ಪಥ್ಯದ ಅಡುಗೆ. ಪಿಲಾರ್‌ನ ಚುಕ್ಕಾಣಿ ಹಿಡಿಯುತ್ತಿದ್ದ ಗ್ರೆಗೋರಿಯೊ ಫುಯೆಂತೆಸ್ ಇದೇ ಊರಿನಲ್ಲಿದ್ದು 2002ರಲ್ಲಿ ನೂರನಾಲ್ಕನೆಯ ವಯಸ್ಸಿನಲ್ಲಿ ತೀರಿಕೊಂಡ. ‘ಆ ಮುದುಕ ಇವನೇ’ ಎಂದು ಪ್ರವಾಸಿಗರು ಅವನನ್ನು ಹುಡುಕಿಕೊಂಡು ಬರುತ್ತಿದ್ದರು. ಅವನ ಫೋಟೊ ನೋಡಿ ಎದ್ದು ನದಿಯ ಕಡೆ ನಡೆದೆವು.

ದೋಣಿಗಳೆಲ್ಲ ಕೊಹೀಮಾರ್ ನದಿಯ ಅಳಿವೆಯ ಒಳಗೆ ಕಟ್ಟಿ ನಿಂತಿದ್ದವು. ನೋರ್ತೆ ಬೀಸುವಾಗ ಯಾರೂ ಹೊರಗೆ ಹೋಗುವುದಿಲ್ಲ. ಹಾಗಾಗಿ ಊರಿನ ಮೀನುಗಾರರೆಲ್ಲ ದಡದಲ್ಲಿದ್ದರು ಮತ್ತು ಮಾತಿಗೆ ಸಿಕ್ಕರು. ಗಾಳಿಯಿಂದ ನಮಗಾದ ಒಂದೇ ಲಾಭ. ಮಗಳ ಸ್ಪ್ಯಾನಿಷ್ ಮಾತ್ರ ಇಲ್ಲಿ ತಡವರಿಸಿತು. ಕ್ಯೂಬಾದವರು ‘ಸ’ಕಾರವನ್ನು ನುಂಗುತ್ತಾರೆ. “ಪೆಸ್ಕಾದೋರೆಸ್ ಅಂದರೆ ಮೀನುಗಾರರು. ಇವರು ‘ಪೆಕಾದೋರೆ’ ಅನ್ನುತ್ತಾರೆ. ಪೆಕಾದೋರೆಸ್ ಅಂದರೆ ಪಾಪಿಗಳು. ‘ನಾವೆಲ್ಲ ಇಲ್ಲಿಯ ಪಾಪಿಗಳು’ ಅನ್ನುತ್ತಿದ್ದಾರೆ ಅಂತಲೇ ನಾನು ಇಷ್ಟು ಹೊತ್ತು ತಿಳಿದಿದ್ದೆ” ಎಂದಳು.

ಒಂದು ಬೋರಲು ಹಾಕಿದ ದೋಣಿಯ ನೆರಳಿನಲ್ಲಿ ಅಜ್ಜ ಒಬ್ಬರು ಗಾಳ ಕಟ್ಟುತ್ತಿದ್ದರು. ಎಪ್ಪತ್ತೆಂಟು ವರ್ಷವಂತೆ. ಮಗಳು ‘ಅಬುಎಲೊ’ ಎಂದು ಕರೆದಳು, ಅಜ್ಜ ಎಂದೇ. ಅವರ ಕೆಲಸ ನೋಡುತ್ತಾ ಕೂತೆ. ನೈಲಾನ್ ದಾರದ ತುದಿಯನ್ನು ಗಾಳದ ಕಾಂಡದ ಉದ್ದಕ್ಕೂ ಹಿಡಿದು, ಏಳು ಸುತ್ತು ಸುತ್ತಿ, ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಗಂಟಿನ ಮೇಲೆ ಉಗುಳು ಹಚ್ಚಿ, ನಿಧಾನಕ್ಕೆ ಬಿಗಿಯುತ್ತಿದ್ದರು. ಒಣಗಿದ ದಾರವನ್ನು ಹಾಗೆಯೇ ಎಳೆದರೆ ಬಿಸಿಯೇರಿ ಗಂಟಿನೊಳಗೇ ಸುಡುತ್ತದಂತೆ. ಬಲಗೈಯ ತೋರುಬೆರಳಿನ ಎರಡನೆಯ ಗೆಣ್ಣಿನಲ್ಲಿ ಅಡ್ಡಲಾಗಿ ಆಳವಾದ ಗೆರೆ, ಎಣ್ಣೆಗಾಯಿಗೆ ಸೀಳಿದ ಬದನೆಕಾಯಿಯ ಹಾಗೆ; ಒಳಗಿನ ಚರ್ಮ ಬೆಳ್ಳಗೆ ಹೊಳೆಯುತ್ತಿತ್ತು. ನಮ್ಮೂರಿನ ಪಕ್ಕದ ಕೇರಿಯ ತಾಂಡೇಲರ ಕೈಯಲ್ಲಿ ಇಂಥ ಗೆರೆ ನೋಡಿದ್ದೆ, ಆದರೆ ಅಂಗೈಯಲ್ಲಿ. ಅವರದು ರಾಂಪಣಿ ಬಲೆಯ ಹಗ್ಗ ಎಳೆದ ಕೈ. ಇದು ಬರಿಯ ದಾರ ಹಿಡಿದ ಬೆರಳು.

ಚಿತ್ರದ ಮಾತು ತೆಗೆದಾಗ ನಕ್ಕರು. ಈ ಊರಿನ ಪ್ರತಿ ಮನೆಯಲ್ಲೂ ಆ ಸಿನಿಮಾದಲ್ಲಿ ‘ನಟಿಸಿದ’ ಒಬ್ಬ ಚಿಕ್ಕಪ್ಪನಾದರೂ ಇರುತ್ತಾನಂತೆ. ಅವರ ಅಪ್ಪ ಹೆಗಲ ಮೇಲೆ ಹಾಯಿಕಂಬ ಹೊತ್ತು ದಂಡೆಗೆ ನಡೆಯುವವರಲ್ಲಿ ಒಬ್ಬರು. ಒಂದೇ ದೃಶ್ಯಕ್ಕೆ ಹನ್ನೊಂದು ಸಲ ಹೊರಿಸಿದರು ಎಂದು ಸಾಯುವವರೆಗೂ ಹೇಳುತ್ತಿದ್ದರಂತೆ. “ಹನ್ನೊಂದು ಸಲ ನಿಜವಾಗಿ ಕಡಲಿಗೆ ಹೋಗಿದ್ದರೆ ಎರಡು ಮೀನಾದರೂ ಸಿಗುತ್ತಿತ್ತು ಎನ್ನುತ್ತಿದ್ದ. ಆದರೆ ಹಣ ಚೆನ್ನಾಗಿ ಕೊಟ್ಟಿದ್ದರು, ಅದನ್ನೂ ಹೇಳುತ್ತಿದ್ದ.”

ಅಜ್ಜನಿಗೆ ಸ್ವಂತ ದೋಣಿ ಇದೆ. ಮೋಟರಿಗೆ ಹಾಕಲು ಇಂಧನ ಸಿಗುವುದು ಅಪರೂಪ; ಸಿಕ್ಕ ದಿನವೂ ಹೊರಡುವಾಗ, ಬರುವಾಗ ಕಾವಲು ಠಾಣೆಯಲ್ಲಿ ಕಾಗದ ತೋರಿಸಬೇಕು. ಅದಕ್ಕೂ ಕಾರಣವಿದೆ. 1994ರ ಆಗಸ್ಟ್‌ನಲ್ಲಿ ಇದೇ ದಂಡೆಯಿಂದ ಜನ ಟ್ಯೂಬು, ಹಲಗೆ, ಡ್ರಮ್ಮು ಕಟ್ಟಿ ತೆಪ್ಪ ಮಾಡಿಕೊಂಡು ಫ್ಲೋರಿಡಾದ ಕಡೆ ಹೊರಟಿದ್ದರು. ಆ ಬೇಸಿಗೆಯಲ್ಲಿ ದೇಶದಿಂದ ಹಾಗೆ ಹೋದವರು 30,000ಕ್ಕೂ ಹೆಚ್ಚು. ಅಜ್ಜ ಹೋಗಲಿಲ್ಲ. ಮೊಮ್ಮಗ ಈಚೆಗೆ ಹೋದ, ವಿಮಾನದಲ್ಲಿ. ಈಗ ಟ್ಯಾಂಪಾದಲ್ಲಿ ಟ್ರಕ್ ಓಡಿಸುತ್ತಾನೆ. ಸದ್ಯಕ್ಕೆ ಅಕ್ಕನ ಮಗ ‘ಕೊರ್ಚೊ’ ಮೇಲೆ ಕೂತು ಮೀನು ತರುತ್ತಾನೆ ಎಂದು ಗೋಡೆಗೆ ಒರಗಿಸಿದ್ದ ಒಂದು ವಸ್ತು ತೋರಿಸಿದರು. ಥರ್ಮಾಕೋಲ್ ದಿಮ್ಮಿಗೆ ಟಾರ್ಪಾಲಿನ್ ಹೊಲಿದು, ಮೇಲೆ ಒಂದು ಹಲಗೆ ಬಿಗಿದಿತ್ತು. ಇಷ್ಟೇ. ಅದರ ಮೇಲೆ ಕೂತು, ಕಾಲಿಗೆ ರಬ್ಬರ್ ರೆಕ್ಕೆ ಹಾಕಿಕೊಂಡು ತುಳಿಯುತ್ತಾ ರಾತ್ರಿ ಕಡಲಿಗೆ ಹೋಗುತ್ತಾರೆ. ನಾನು ಅದನ್ನು ಎತ್ತಿ ನೋಡಿದೆ. ನಮ್ಮ ಮನೆಯ ಹಳೆಯ ಫ್ರಿಜ್ಜಿನ ಬಾಗಿಲಿನಷ್ಟು ಭಾರ.

ಎಸ್ಕ್ವೈರ್‌ನ ಆ ಅಳುವ ಮುದುಕನ ವಿಷಯ ಮಗಳಿಂದ ಕೇಳಿಸಿದೆ. ಅಜ್ಜ ಗಂಟು ಬಿಗಿಯುವುದನ್ನು ನಿಲ್ಲಿಸಲಿಲ್ಲ. “ಅಳದೆ? ಮನೆಗೆ ಹೋಗಿ ಹೆಂಡತಿಗೆ ಹೇಳಬೇಕಲ್ಲ” ಎಂದರು.

ಹೊರಡುವಾಗ, ಲ್ಯಾಪ್‌ಟಾಪಿನಲ್ಲಿ ಆ ಚಿತ್ರ ಇದೆ, ನೋಡುತ್ತೀರಾ ಎಂದು ಕೇಳಿದೆವು. ಎಂದೋ ಟೀವಿಯಲ್ಲಿ, ಕಪ್ಪುಬಿಳುಪಿನಲ್ಲಿ ನೋಡಿದ್ದರಂತೆ. “ನಾಳೆ ಬನ್ನಿ. ಗಾಳಿ ಇಳಿದರೆ ಮೀನೂ ಇರುತ್ತದೆ” ಎಂದರು.

ನಾಲ್ಕನೆಯ ದಿನ: ಶಬ್ದವಿಲ್ಲದ ಸಿನಿಮಾ

ಗಾಳಿ ಇಳಿಯಿತು. ಬೆಳಗ್ಗೆ ಎಂಟಕ್ಕೆಲ್ಲ ಕೊಹೀಮಾರ್ ತಲುಪಿದಾಗ ಕಡಲು ಏನೂ ಆಗಿಯೇ ಇಲ್ಲ ಎನ್ನುವಂತೆ ಮಲಗಿತ್ತು. ದಂಡೆಯ ಹತ್ತಿರ ತಿಳಿ ಹಸಿರು, ಸ್ವಲ್ಪ ಆಚೆಗೆ ಒಮ್ಮೆಲೇ ಕಡು ನೀಲಿ. ಇಲ್ಲಿ ಕಡಲಿನ ತಳ ಬೇಗ ಇಳಿಯುತ್ತದೆ. ಗಲ್ಫ್ ಸ್ಟ್ರೀಮ್ ಪ್ರವಾಹ ದಂಡೆಗೆ ಅಷ್ಟು ಹತ್ತಿರ ಹರಿಯುತ್ತದೆ. ಹುಟ್ಟು ಹಾಕುವ ಸಣ್ಣ ದೋಣಿಯವನಿಗೂ ಆನೆಯಂಥ ಮೀನು ಸಿಗಲು ಸಾಧ್ಯವಾದದ್ದು ಅದರಿಂದಲೇ. ಮಾರ್ಲಿನ್ ಕಾಲ ಬೇಸಿಗೆ. ಫೆಬ್ರವರಿಯಲ್ಲಿ ಅದನ್ನು ನೋಡುವ ಆಸೆ ಇಟ್ಟುಕೊಂಡು ಬರಬಾರದು, ನಾನು ಇಟ್ಟುಕೊಂಡಿದ್ದೆ.

ಅಕ್ಕನ ಮಗ ಆಗಲೇ ಬಂದಾಗಿತ್ತು. ಇಡೀ ರಾತ್ರಿಗೆ ಮೂರು ಮೀನು, ಒಂದು ಕೆಂಪು, ಎರಡು ಬೂದು. ನೀರಲ್ಲಿ ನೆನೆದು ಅವನ ಪಾದಗಳು ಸುಕ್ಕಾಗಿ ಬಿಳಚಿದ್ದವು. ಹೆಚ್ಚು ಮಾತಾಡದೆ ಒಳಗೆ ಹೋಗಿ ಮಲಗಿದ.

ಕರೆಂಟಿರಲಿಲ್ಲ. ಅಜ್ಜನ ಮನೆಯ ಮುಂದಿನ ಕೋಣೆಯ ಕಿಟಕಿಗೆ ಚಾದರ ಕಟ್ಟಿ, ಸ್ಟೂಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟೆವು. ಬ್ಯಾಟರಿ 61 ಪ್ರತಿಶತ. ಚಿತ್ರ 86 ನಿಮಿಷ. ಅಜ್ಜ, ಅಜ್ಜಿ, ಎದುರುಮನೆಯ ಇಬ್ಬರು, ಒಂದು ನಾಯಿ. ಶುರುವಾಗುತ್ತಿದ್ದಂತೆ ಅಜ್ಜಿ ಬೆರಳೆಣಿಕೆಯ ಕಪ್ಪುಗಳಲ್ಲಿ ಕಾಫಿ ತಂದರು, ಡಾಂಬರಿನಷ್ಟು ಗಟ್ಟಿ, ಪಾಯಸದಷ್ಟು ಸಿಹಿ. ಕಂಬ ಹೊತ್ತವರ ಸಾಲು ಬಂದಾಗ ಎಲ್ಲರೂ ಪರದೆಗೆ ಮೂಗು ತಾಗುವಷ್ಟು ಬಾಗಿದರು. ಅಪ್ಪ ಕಂಡರೇ? ಕತ್ತಲೆಯ ದೃಶ್ಯ. ಮೂರು ಸಲ ಹಿಂದಕ್ಕೆ ಓಡಿಸಿದೆವು. ಮೂರನೆಯ ಸಲ ಅಜ್ಜಿ “ಅಗೋ” ಎಂದರು. ಅಜ್ಜ “ಅಲ್ಲ” ಎಂದರು.

ಮುದುಕ ಕಡಲಿಗೆ ಇಳಿದ ಮೇಲೆ ವಾದ್ಯಗಳು ಮೊರೆಯತೊಡಗಿದವು. ಡಿಮಿಟ್ರಿ ತ್ಯೋಮ್ಕಿನ್‌ಗೆ ಆಸ್ಕರ್ ತಂದುಕೊಟ್ಟದ್ದು ಇದೇ ಸಂಗೀತ. ಅಜ್ಜ ಕೈ ಬೀಸಿ ಏನೋ ಅಂದರು. “ಕಡಲಲ್ಲಿ ಇಷ್ಟು ಗಲಾಟೆ ಇರುವುದಿಲ್ಲ, ನಿಲ್ಲಿಸು ಅನ್ನುತ್ತಿದ್ದಾರೆ” ಎಂದಳು ಮಗಳು. ಶಬ್ದ ಬಂದ್ ಮಾಡಿದೆವು. ಟ್ರೇಸಿಯ ಇಂಗ್ಲಿಷ್ ಹೇಗೂ ಅಲ್ಲಿ ಯಾರಿಗೂ ಬೇಕಿರಲಿಲ್ಲ. ನಾನು ಎಷ್ಟೋ ಸಲ ನೋಡಿದ ಚಿತ್ರ ಹೀಗೆ ಮೂಕವಾದ ಮೇಲೆ ಬೇರೆಯೇ ಆಯಿತು. ವಿವರಣೆಯ ದನಿ ಹೋಯಿತು, ಉಳಿದದ್ದು ಒಬ್ಬ ಮನುಷ್ಯ ಮತ್ತು ಅವನ ಕೈಗಳು. ಕೋಣೆಯಲ್ಲಿದ್ದವರೂ ಅದನ್ನೇ ನೋಡುತ್ತಿದ್ದರು. ಅವನ ಎಡಗೈ ಸೆಟೆದು ಹಕ್ಕಿಯ ಕಾಲಿನ ಹಾಗೆ ಮುದುಡಿಕೊಂಡಾಗ ಎದುರುಮನೆಯಾತ ತನ್ನ ಕೈಯನ್ನು ತಾನೇ ತೀಡಿಕೊಳ್ಳುತ್ತಿದ್ದ.

ತಕರಾರುಗಳೂ ಬಂದವು. “ಈ ನೀರಿಗೆ ಆಳವಿಲ್ಲ” ಎಂದರು ಅಜ್ಜ. ಮಗಳು ನನ್ನ ಕಡೆ ನೋಡಿದ ರೀತಿಯನ್ನು ಬರೆಯುವುದಿಲ್ಲ. ತೊಟ್ಟಿಯ ಕಥೆ ಹೇಳಿದಾಗ ಅಜ್ಜನಿಗೆ ಆಶ್ಚರ್ಯವಾಗಲಿಲ್ಲ. ಬಿಸಿಲು ಒಂದೇ ಮಗ್ಗುಲಿನಿಂದ ಬೀಳುತ್ತಿದೆ, ದೋಣಿ ಅಲುಗಿದರೂ ನೀರು ಬದಿಗೆ ಬಡಿಯುತ್ತಿಲ್ಲ ಎಂದು ತೋರಿಸಿದರು. ಮೀನು ಮೊದಲ ಬಾರಿಗೆ ನೀರಿನಿಂದ ಚಿಮ್ಮಿದಾಗ ಮಾತ್ರ ಎದ್ದೇ ನಿಂತರು. “ಇದು ನಮ್ಮದಲ್ಲ.”

ಮತ್ತೆ ತೋರಿಸಿದೆವು. ಬೆರಳಿನಿಂದ ಪರದೆ ಮುಟ್ಟಿ ಹೇಳಿದರು: ಹೆಗಲು ಇಷ್ಟು ಉಬ್ಬಿದೆ, ಬೆನ್ನಿನ ರೆಕ್ಕೆ ಗಿಡ್ಡ, ಇಂಥದ್ದು ಇಲ್ಲಿ ಬರುವುದಿಲ್ಲ. ಹಿಂದೆ ಟೀವಿಯ ಸಣ್ಣ ಪರದೆಯಲ್ಲಿ ಅವರಿಗೆ ಇದು ಕಂಡಿರಲಿಲ್ಲ. ನನಗೆ ಮೈ ಜುಮ್ಮೆಂದಿತು. ಚಿತ್ರಕ್ಕೆ ದೊಡ್ಡ ಮೀನು ಬೇಕೆಂದು 1956ರಲ್ಲಿ ಹೆಮಿಂಗ್ವೇ ತಾನೇ ಪೆರುವಿನ ಕಾಬೊ ಬ್ಲಾಂಕೊಗೆ ಹೋಗಿದ್ದ. ವಾರಗಟ್ಟಲೆ ಅಲೆದರೂ ಬೇಕಾದ ಅಳತೆಯದು ಸಿಗಲಿಲ್ಲ. ಕೊನೆಗೆ ಅದೇ ಕಾಬೊ ಬ್ಲಾಂಕೊದಲ್ಲಿ 1953ರಲ್ಲಿ ಆಲ್ಫ್ರೆಡ್ ಗ್ಲಾಸೆಲ್ ಹಿಡಿದ 1,560 ಪೌಂಡಿನ, ಸುಮಾರು 708 ಕಿಲೊ ತೂಕದ, ಕಪ್ಪು ಮಾರ್ಲಿನ್‌ನ ಚಿತ್ರಣವನ್ನು ತಂದು ಸೇರಿಸಿದರು. ಶಾಂತ ಸಾಗರದ ಮೀನು. ಕ್ಯೂಬಾದ ಮುದುಕ ಗಾಳ ಹಾಕಿದ್ದು ಒಂದು ಸಾಗರಕ್ಕೆ, ಚಿಮ್ಮಿದ್ದು ಇನ್ನೊಂದು ಸಾಗರದಲ್ಲಿ! ಚಿತ್ರದ ಆರಂಭದಲ್ಲೇ ಇದನ್ನು ಅಕ್ಷರದಲ್ಲಿ ಹಾಕಿದ್ದಾರೆ, ಓದಿದವರು ಕಡಿಮೆ. ಅಜ್ಜ ಓದದೆಯೇ ಹೇಳಿದರು.

ಶಾರ್ಕ್‌ಗಳು ಬರುವ ಹೊತ್ತಿಗೆ ಬ್ಯಾಟರಿ 14ಕ್ಕೆ ಇಳಿದಿತ್ತು. ನನಗೆ ಧಾರವಾಡದ ಸುಟ್ಟ ವಾಸನೆ ನೆನಪಾಯಿತು. ಆದರೆ ಅಜ್ಜನೇ ಕೈಯೆತ್ತಿದರು. “ಇದು ಗೊತ್ತಿದೆ, ಬೇಡ. ಹುಡುಗ ಕಾಫಿ ತರುವುದು ಇದೆಯಲ್ಲ, ಅದನ್ನು ಹಾಕಿ.”

ಮುಂದಕ್ಕೆ ಓಡಿಸಿ ಕೊನೆಯ ಭಾಗ ಹಾಕಿದೆವು. ಮುದುಕ ಬೋರಲು ಮಲಗಿದ್ದಾನೆ, ಹುಡುಗ ಬಾಗಿಲಲ್ಲಿ ನಿಂತು ಅವನ ಕೈಗಳನ್ನು ನೋಡಿ ಅಳುತ್ತಾನೆ, ಕಾಫಿ ತರಲು ಹೋಗುತ್ತಾನೆ. ಅಜ್ಜ ಎರಡು ಸಲ ನೋಡಿದರು. ಹುಡುಗ ಯಾರ ಮಗ ಎಂದು ಕೇಳಿದರು. ಫೆಲಿಪೆ ಪಾಸೋಸ್, ಅಪ್ಪನ ಹೆಸರೂ ಅದೇ. ಅಪ್ಪ ಕ್ಯೂಬಾದ ರಾಷ್ಟ್ರೀಯ ಬ್ಯಾಂಕಿನ ಮೊದಲ ಅಧ್ಯಕ್ಷ. ಕ್ರಾಂತಿಯ ನಂತರವೂ ಕೆಲವು ತಿಂಗಳು ಆ ಕುರ್ಚಿಯಲ್ಲಿದ್ದರು, 1959ರ ನವೆಂಬರ್‌ನಲ್ಲಿ ಅಲ್ಲಿಗೆ ಚೆ ಗೆವಾರ ಬಂದ, ಇವರು ದೇಶ ಬಿಟ್ಟರು. ಬಡ ಮೀನುಗಾರರ ಹುಡುಗನಾಗಿ ಅತ್ತದ್ದು ಬ್ಯಾಂಕ್ ಅಧ್ಯಕ್ಷರ ಮಗ.

“ಅದಕ್ಕೇ ಹಲ್ಲು ಅಷ್ಟು ಚೆನ್ನಾಗಿವೆ” ಎಂದರು ಅಜ್ಜ. ಸ್ವಲ್ಪ ತಡೆದು, “ಆದರೂ ಚೆನ್ನಾಗಿ ಅಳುತ್ತಾನೆ.”

ಹೊರಡುವಾಗ ಬೂದು ಮೀನುಗಳಲ್ಲಿ ಒಂದನ್ನು ಬಾಳೆಲೆಯಲ್ಲಿ ಸುತ್ತಿ ಕೊಟ್ಟರು. ಹಣ ಬೇಡವೆಂದರು. ರಾತ್ರಿ ನಮ್ಮ ಮನೆಯೊಡತಿಯ ಅಡುಗೆಮನೆಯಲ್ಲಿ, ದೀಪದ ಬೆಳಕಿನಲ್ಲಿ, ಹೆಂಡತಿ ಕೊಟ್ಟ ಮಸಾಲೆ ಹಚ್ಚಿ ಹುರಿದೆ. ಒಂದು ತುಂಡು ಬಾಯಿಗಿಟ್ಟ ಮನೆಯೊಡತಿ ಎರಡು ಲೋಟ ನೀರು ಕುಡಿದರು. ಆಮೇಲೆ ಇನ್ನೊಂದು ತುಂಡು ತೆಗೆದುಕೊಂಡರು.

ಐದನೆಯ ದಿನ

ಮಧ್ಯಾಹ್ನದ ವಿಮಾನ. ಬೆಳಗ್ಗೆ ಟ್ಯಾಕ್ಸಿ ಮಾಡಿಕೊಂಡು ಕೊಹೀಮಾರ್‌ಗೆ ಓಡಿದೆವು, ಟೊರಾಂಟೊದಿಂದ ತಂದಿದ್ದ ಸೋಪು, ಪೆನ್ನು, ಮಾತ್ರೆಗಳ ಕಟ್ಟನ್ನು ಅಜ್ಜನಿಗೆ ಕೊಡಲು. ಪ್ರವಾಸಿ ಕೈಪಿಡಿಗಳು ಇವನ್ನೇ ತರಲು ಹೇಳುತ್ತವೆ. ಅಜ್ಜಿ ಮಾತ್ರೆ ತೆಗೆದುಕೊಂಡರು, ಪೆನ್ನುಗಳನ್ನು ನಮಗೇ ಹಿಂತಿರುಗಿಸಿದರು. ಅಜ್ಜ ಅವುಗಳಲ್ಲಿ ಒಂದನ್ನು ಮಾತ್ರ ಇಟ್ಟುಕೊಂಡು, ಸಿಗರೇಟು ಪ್ಯಾಕಿನ ರಟ್ಟು ಹರಿದು ಏನೋ ಬರೆದರು. ಬರೆದದ್ದನ್ನು ಮಗಳಿಗೆ ಓದಿಸಿ, ತಪ್ಪಿಲ್ಲ ಎಂದು ಖಾತ್ರಿ ಮಾಡಿಕೊಂಡರು.

ಆ ರಟ್ಟು ಈಗ ನಮ್ಮ ಫ್ರಿಜ್ಜಿನ ಮೇಲೆ ಅಯಸ್ಕಾಂತದ ಕೆಳಗಿದೆ. ನೈಲಾನ್ ದಾರ, 80 ಪೌಂಡ್ ತಡೆಯುವುದು, ಎರಡು ಉಂಡೆ. ಗಾಳ, 7/0 ಅಳತೆ, ಐವತ್ತು. ಅದರ ಕೆಳಗೆ, ಎರಡು ಗೆರೆ ಎಳೆದು: ಚೀನಾದ್ದು ಬೇಡ. ನಮ್ಮ ಪರಿಚಯದ ಕುಟುಂಬವೊಂದು ಏಪ್ರಿಲ್‌ನಲ್ಲಿ ಕ್ಯೂಬಾದ ವರದೇರೊಗೆ ಹೊರಟಿದೆ. ಅವರ ಸೂಟ್‌ಕೇಸಿನಲ್ಲಿ ಜಾಗ ಕೇಳಿದ್ದೇವೆ. ಅಂಗಡಿಯಲ್ಲಿ ಮೂರು ಕಂಪನಿಯ ಗಾಳ ನೋಡಿದೆ. ಮೂರರ ಹಿಂದೆಯೂ ಚೀನಾ ಎಂದೇ ಇದೆ.